ಬಿಸುವಿಗೆ ಬದಲಿ ರಜೆ

ಏಪ್ರಿಲ್ ಹದಿನಾಲ್ಕೆಂದರೆ ಬಿಸು ಎಂದು ನಾನು ಇಪ್ಪತ್ತೇಳು ವರ್ಷ ನಂಬಿಕೊಂಡಿದ್ದೆ. ಬಿಸು ನಮ್ಮ ಉಡುಪಿ ಕಡೆಯವರ ಹೊಸ ವರ್ಷ. ಮರಾಠಿಯವರ ಗುಡಿಪಾಡ್ವಾ, ಬೆಂಗಳೂರು ಮೈಸೂರಿನವರ ಯುಗಾದಿ ಚಂದ್ರನನ್ನು ನೋಡಿ ಬರುತ್ತವೆ. ನಮ್ಮದು ಸೂರ್ಯನನ್ನು ನೋಡಿಕೊಂಡು ಕೆಲವು ವಾರ ತಡವಾಗಿ ಬರುತ್ತದೆ. ಮುಂಬಯಿ ಬದಿಯ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ಗೊತ್ತಿದ್ದರೆ ಬೇಕಾದಷ್ಟಾಯಿತು ಎಂಬ ಜಂಬ ನನಗಿತ್ತು. ಆ ಜಂಬದಲ್ಲೇ, ಅಪ್ಪ ಅಮ್ಮ ಒಟ್ಟಿಗೆ ಕೂತು ಉಣ್ಣಬೇಕಿದ್ದ ಮೊದಲ ಹಬ್ಬದೂಟವನ್ನು ಕೆಡಿಸಲು ಹೊರಟಿದ್ದೆ.

ಮೊದಲ ಹಬ್ಬದೂಟ ಎಂದದ್ದು ಬಾಯಿತಪ್ಪಿ ಅಲ್ಲ. ಅಪ್ಪ ಠಾಣೆಯ ಮಾಜಿವಾಡಾದಲ್ಲಿ ಒಂದು ಸಸ್ಯಾಹಾರಿ ಹೋಟೆಲಿಗೆ ಮ್ಯಾನೇಜರ್ ಆಗಿದ್ದರು. ಮದುವೆಯಾದ ವರ್ಷ ಸೇರಿದವರು ಇಪ್ಪತ್ತೊಂಬತ್ತು ವರ್ಷ ಅಲ್ಲೇ ಇದ್ದರು. ಹೆದ್ದಾರಿಯ ದೊಡ್ಡ ಕೂಡುರಸ್ತೆಯ ಬದಿಯ ಹೋಟೆಲು. ಊರಿಗೆಲ್ಲ ರಜೆ ಇದ್ದ ದಿನ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗಣೇಶ ಚೌತಿ, ದಸರಾ, ದೀಪಾವಳಿ, ಆಗಸ್ಟ್ ಹದಿನೈದು, ಏನೇ ಬರಲಿ, ಅಪ್ಪ ನಾಲ್ಕು ಗಂಟೆಗೆ ಎದ್ದು ಮೊದಲ ಲೋಕಲ್ ರೈಲು ಹಿಡಿಯುತ್ತಿದ್ದರು. ಬಿಲ್ಡಿಂಗಿನ ಉಳಿದ ಮಕ್ಕಳು ಕ್ಯಾಲೆಂಡರಿನಲ್ಲಿ ಕೆಂಪು ತಾರೀಕು ಹುಡುಕಿ ಕುಣಿಯುತ್ತಿದ್ದರೆ ನನಗೆ ಕೆಂಪು ಕಂಡರೆ ಸಿಟ್ಟು ಬರುತ್ತಿತ್ತು.

ಆದರೆ ಅಮ್ಮ ಬಿಡುವವಳಲ್ಲ. ಹಬ್ಬದ ಅಡುಗೆ ಹತ್ತೂವರೆಗೆ ಮುಗಿಸಿ, ದೇವರಿಗೆ ತೋರಿಸಿ, ಹನ್ನೊಂದಕ್ಕೆ ಸರಿಯಾಗಿ ನಾಲ್ಕು ಅಂತಸ್ತಿನ ಸ್ಟೀಲ್ ಡಬ್ಬಿ ತುಂಬುತ್ತಿದ್ದಳು. ಕೆಳಗೆ ಅನ್ನ, ಅದರ ಮೇಲೆ ಹುಳಿ, ಮೇಲೆ ಪಲ್ಯ ಮತ್ತು ಪಾಯಸ. ಎಲ್ಲಕ್ಕಿಂತ ಮೇಲೆ, ಮುಚ್ಚಳದ ಕೆಳಗೆ, ಎರಡು ಹಲಸಿನ ಹಪ್ಪಳ. ನಾನು ಸ್ವಲ್ಪ ದೊಡ್ಡವಳಾದ ಮೇಲೆ ಡಬ್ಬಿ ಒಯ್ಯುವ ಕೆಲಸ ನನ್ನದಾಯಿತು. ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಅಲ್ಲಿಂದ ಮಾಜಿವಾಡಾಕ್ಕೆ ಬಸ್ಸು. ಹೊಸ ಲಂಗ ಹಾಕಿಕೊಂಡು, ಬಿಸಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ರೈಲಿನ ಹೆಂಗಸರ ಡಬ್ಬದಲ್ಲಿ ಎಲ್ಲರಿಗೂ ಪಾಯಸದ ವಾಸನೆ ಹಿಡಿಸುತ್ತ ಹೋಗುತ್ತಿದ್ದೆ.

ಅಪ್ಪ ಗಲ್ಲಾವನ್ನು ಯಾರಿಗಾದರೂ ಹತ್ತು ನಿಮಿಷ ವಹಿಸಿ, ಸಾಮಾನಿನ ಕೋಣೆಯಲ್ಲಿ ಎಣ್ಣೆ ಡಬ್ಬದ ಮೇಲೆ ಕೂತು ಉಣ್ಣುತ್ತಿದ್ದರು. ಮೊದಲು ಹಪ್ಪಳವನ್ನು ತೆಗೆಯುತ್ತಿದ್ದರು. ಅದು ಅಷ್ಟು ಹೊತ್ತಿಗೆ ಆವಿ ಕುಡಿದು ಒದ್ದೆ ಬಟ್ಟೆಯ ಹಾಗೆ ಆಗಿರುತ್ತಿತ್ತು. ಮುರಿದರೆ ಮುರಿಯುತ್ತಿರಲಿಲ್ಲ, ಮಡಚಿಕೊಳ್ಳುತ್ತಿತ್ತು. ಅಪ್ಪ ಅದನ್ನು ಮಡಚಿ ಬಾಯಿಗೆ ಹಾಕಿಕೊಂಡು ಹೇಳುತ್ತಿದ್ದರು:

"ಗರಿಗರಿ ಇತ್ತು ಅಂತ ಅಮ್ಮನಿಗೆ ಹೇಳು."

ನಾನು ಮನೆಗೆ ಬಂದು ಹೇಳುತ್ತಿದ್ದೆ. ರಾತ್ರಿ ಅಪ್ಪನೂ ಬಂದು ಅದನ್ನೇ ಹೇಳುತ್ತಿದ್ದರು. ಅಮ್ಮನಿಗೆ ಪಾಯಸ ಹೇಗಿತ್ತು ಎಂಬುದಕ್ಕಿಂತ ಹಪ್ಪಳ ಹೇಗಿತ್ತು ಎಂಬುದರ ಮೇಲೆ ಹೆಚ್ಚು ಜೀವ. ಊರಿನಿಂದ ಬಂದ ಹಪ್ಪಳ, ಬಿಸಿ ಎಣ್ಣೆಯಲ್ಲಿ ಅರಳಿದ ಕೂಡಲೇ ಡಬ್ಬಿಗೆ ಹಾಕಿದ್ದೇನೆ, ಮೆತ್ತಗಾಗಲು ಹೇಗೆ ಸಾಧ್ಯ ಎಂದು ಅವಳ ನಂಬಿಕೆ. ನಾವಿಬ್ಬರೂ ವರ್ಷಕ್ಕೆ ಏಳೆಂಟು ಸಲ ಈ ಸುಳ್ಳನ್ನು ಹೇಳಿ ಹೇಳಿ, ಅದು ನಮ್ಮ ಮನೆಯ ಹಬ್ಬದ ಒಂದು ಶಾಸ್ತ್ರವೇ ಆಗಿಬಿಟ್ಟಿತ್ತು.

ಕಳೆದ ವರ್ಷ ಮಾಲೀಕರು ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಕೊಟ್ಟು ಹೋಟೆಲು ಮುಚ್ಚಿದರು. ಐವತ್ತಾರನೇ ವಯಸ್ಸಿನಲ್ಲಿ ಅಪ್ಪನಿಗೆ ನವಿ ಮುಂಬಯಿಯ ಮಹಾಪೆ ಕಡೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಗುತ್ತಿಗೆ ಅಲ್ಲ, ಕಂಪೆನಿಯ ರೋಲಿನಲ್ಲೇ. ದೀಪಾವಳಿ ಮುಗಿದ ವಾರ ಸೇರಿಕೊಂಡರು. ನನ್ನ ಆಫೀಸು ಐರೋಲಿಯಲ್ಲಿ. ಹಾಗಾಗಿ ಅಪ್ಪ ಮಗಳು ಒಂದೇ ಲೋಕಲಿನಲ್ಲಿ ಹೊರಟು, ಠಾಣೆಯಲ್ಲಿ ಇಳಿದು, ಒಂಬತ್ತನೇ ಪ್ಲಾಟ್‌ಫಾರ್ಮಿಗೆ ಬಂದು ವಾಶಿ ಕಡೆಯ ಗಾಡಿ ಹಿಡಿಯತೊಡಗಿದೆವು. ಜೀವನದಲ್ಲಿ ಅಪ್ಪನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು, ಅದೂ ಗಾಡಿ ಬರುವ ತನಕ ಸಿಗುವ ಐದಾರು ನಿಮಿಷದಲ್ಲಿ.

ಮಾತೆಲ್ಲ ರಜೆಯದ್ದೇ. ಯಾಕೆಂದರೆ ನನ್ನ ಕೆಲಸವೇ ರಜೆ. ನಮ್ಮ ಆಫೀಸಿನಲ್ಲಿ ಯಾರು ಎಷ್ಟು ದಿನ ಬಂದರು, ಯಾರಿಗೆ ಎಷ್ಟು ರಜೆ ಉಳಿದಿದೆ, ಯಾರ ಅರ್ಜಿ ಪಾಸು, ಯಾರದ್ದು ಫೇಲು ಎಂದು ನೋಡುವವಳು ನಾನು. ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಶನಿವಾರ ಭಾನುವಾರವೂ ರಜೆಯ ಲೆಕ್ಕಕ್ಕೆ ಬೀಳುತ್ತದೆ ಎಂದು ಹೇಳಿ ಎಷ್ಟೋ ಜನರ ಗೋವಾ ಪ್ರವಾಸಕ್ಕೆ ಕಲ್ಲು ಹಾಕಿದ್ದೇನೆ. ಅದರಲ್ಲಿ ನನಗೆ ಸ್ವಲ್ಪ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪನಿಗೆ ಕಂಪೆನಿಯವರು ರಜೆಯ ನಿಯಮಗಳ ಒಂದು ಸಣ್ಣ ಪುಸ್ತಕ ಕೊಟ್ಟಿದ್ದರು. ಅದನ್ನು ಅವರು ಊಟದ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು.

"ಈ ಗಳಿಕೆ ರಜೆ ಅಂದ್ರೆ ಎಂತ?" ಎಂದು ಒಂದು ದಿನ ಕೇಳಿದರು.

"ಇಪ್ಪತ್ತು ದಿನ ಕೆಲಸ ಮಾಡಿದ್ರೆ ಒಂದು ದಿನ ನಿಮ್ದು. ಆದ್ರೆ ಮೊದ್ಲು ಇನ್ನೂರ ನಲವತ್ತು ದಿನ ಆಗ್ಬೇಕು. ಅಲ್ಲಿವರೆಗೆ ಮುಟ್ಲಿಕ್ಕಿಲ್ಲ."

"ನಂದು ಅಂದ್ರೆ?"

"ನಿಮ್ದು ಅಂದ್ರೆ ನಿಮ್ದು. ಮಲ್ಕೊಳ್ಳಿ, ಎದ್ದು ಕೂತ್ಕೊಳ್ಳಿ, ಯಾರೂ ಕೇಳುದಿಲ್ಲ."

"ಸಂಬಳ?"

"ಬರ್ತದೆ."

ಅಪ್ಪ ಹಳಿಯನ್ನೇ ನೋಡುತ್ತ ನಿಂತರು. "ಹಾಗಾದ್ರೆ ಇಪ್ಪತ್ತೊಂಬತ್ತು ವರ್ಷಕ್ಕೆ ಎಷ್ಟಾಗ್ತಿತ್ತು?" ಎಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದು ವರ್ಷಕ್ಕಿಂತ ಹೆಚ್ಚೇ ಆಗುತ್ತಿತ್ತು. ಗಾಡಿ ಬಂತು ಎಂದು ಹೇಳಿ ಮಾತು ತಪ್ಪಿಸಿದೆ.

ಗಣರಾಜ್ಯೋತ್ಸವದ ದಿನ ಅಪ್ಪನಿಗೆ ಮೊದಲ ಬಾರಿ ಸರ್ಕಾರಿ ರಜೆಯ ರುಚಿ ಸಿಕ್ಕಿತು. ಕಾರ್ಖಾನೆ ಬಂದ್ ಆದ್ದರಿಂದ ಕ್ಯಾಂಟೀನೂ ಬಂದ್. ಆದರೂ ನಾಲ್ಕಕ್ಕೇ ಎದ್ದರು. ಸ್ನಾನ ಮಾಡಿ, ಇಸ್ತ್ರಿಯ ಶರ್ಟು ಹಾಕಿ, ಕುರ್ಚಿಯಲ್ಲಿ ಕೂತರು. ಏಳು ಗಂಟೆಗೆ ನನ್ನನ್ನು ಎಬ್ಬಿಸಿ, ರಜೆ ಹೌದಲ್ಲ, ಮತ್ತೊಮ್ಮೆ ಪುಸ್ತಕ ನೋಡು ಎಂದರು. ಎಂಟಕ್ಕೆ ಬಿಲ್ಡಿಂಗಿನ ಸೊಸೈಟಿಯ ಧ್ವಜಾರೋಹಣಕ್ಕೆ ಇಳಿದರೆ ಅಲ್ಲಿದ್ದ ಅರ್ಧ ಜನಕ್ಕೆ ಅಪ್ಪ ಯಾರೆಂದು ಗೊತ್ತಿಲ್ಲ. ಹೊಸ ಬಾಡಿಗೆಯವರಾ ಎಂದು ಸೆಕ್ರೆಟರಿ ಮರಾಠಿಯಲ್ಲಿ ವಿಚಾರಿಸಿದರು. ಹತ್ತೊಂಬತ್ತು ವರ್ಷದಿಂದ ನಾವು ಅದೇ ಬಿಲ್ಡಿಂಗಿನಲ್ಲಿದ್ದೇವೆ. ಅಪ್ಪ ಅದನ್ನೂ ಖುಷಿಯಿಂದಲೇ ಮೇಲೆ ಬಂದು ಅಮ್ಮನಿಗೆ ವರದಿ ಮಾಡಿದರು.

ಆ ಮಧ್ಯಾಹ್ನ ಅಮ್ಮ ಸುಮ್ಮನೆ ಅನ್ನ ಸಾರು ಮಾಡಿದ್ದಳು. ಇಬ್ಬರೂ ಎದುರುಬದುರು ಕೂತು ಉಂಡರು. ಉಂಡಾದ ಮೇಲೆ ಅಮ್ಮ ಕೇಳಿದಳು:

"ಹಬ್ಬಕ್ಕೂ ಹೀಗೇ ಇರ್ತೀರಾ?"

"ಯಾವ ಹಬ್ಬ?"

"ಬಿಸು. ಒಂದು ಬಿಸುವಾದ್ರೂ ಒಟ್ಟಿಗೆ ಕೂತು ಎಲೆಯಲ್ಲಿ ಉಣ್ಬೇಕು ಅಂತ ನಂಗುಂಟು. ಬೇರೆ ಎಂತದೂ ಬೇಡ."

ಅಮ್ಮ ಏನನ್ನೂ ಕೇಳುವವಳಲ್ಲ. ಕೇಳಿದ್ದು ಇದೊಂದೇ. ಅಪ್ಪ ತಕ್ಷಣ ನನ್ನ ಕಡೆ ತಿರುಗಿದರು, ನಾನು ತಕ್ಷಣ ಎದೆ ಸೆಟೆಸಿದೆ.

"ಅದು ನನಗೆ ಬಿಡಿ. ಏಪ್ರಿಲ್ ಹದಿನಾಲ್ಕು ಹೇಗೂ ಸಂವಿಧಾನ ಬರೆದವರ ಜಯಂತಿ, ಇಡೀ ಮಹಾರಾಷ್ಟ್ರಕ್ಕೆ ರಜೆ. ಅಪ್ಪನ ಲಿಸ್ಟಲ್ಲೂ ಉಂಟು. ಬಿಸುವಿಗೆ ಬೇರೆ ರಜೆ ಹಾಕುದೇ ಬೇಡ."

ಹೇಳಿದ್ದು ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕಂಪೆನಿಯ ಹಬ್ಬದ ಪಟ್ಟಿಯಲ್ಲಿ ಎಲ್ಲರಿಗೂ ಇರುವ ರಜೆಗಳ ಜೊತೆಗೆ, ತಮಗೆ ಬೇಕಾದ ಎರಡು ದಿನವನ್ನು ತಾವೇ ಆರಿಸಿಕೊಳ್ಳುವ ಅವಕಾಶವೂ ಇತ್ತು. ಜನವರಿ ಕೊನೆಯೊಳಗೆ ಫಾರ್ಮ್ ತುಂಬಬೇಕು, ಆಮೇಲೆ ಬದಲಾಯಿಸುವಂತಿಲ್ಲ. ಅಪ್ಪನ ಫಾರ್ಮನ್ನು ನಾನೇ ತುಂಬಿದೆ. ಒಂದನ್ನು ಚೌತಿಯ ಮರುದಿನಕ್ಕೆ, ಇನ್ನೊಂದನ್ನು ಅನಂತ ಚತುರ್ದಶಿಗೆ ಹಾಕಿ, ನೋಡಿ, ಒಂದು ದಿನವೂ ವೇಸ್ಟ್ ಆಗಿಲ್ಲ ಎಂದು ಅಪ್ಪನಿಂದ ಸಹಿ ಹಾಕಿಸಿದೆ. ಆಗ ಮನೆಯಲ್ಲಿ ಯಾರೂ ಪಂಚಾಂಗ ನೋಡಲಿಲ್ಲ. ನೋಡಿದ್ದರೂ ಬಿಸು ಎಂಬ ಹೆಸರು ಕಾಣುತ್ತಿರಲಿಲ್ಲ, ಯಾಕೆಂದರೆ ನಮ್ಮ ಉಡುಪಿಯ ಪಂಚಾಂಗ ಬಿಸುವಿನಿಂದ ಬಿಸುವಿಗೆ. ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಹಳೆಯದು ಬಿಸುವಿನ ಹಿಂದಿನ ದಿನಕ್ಕೇ ಮುಗಿದುಹೋಗುತ್ತದೆ. ಅದರ ಕೊನೆಯ ತಾರೀಕು ಯಾವುದೆಂದು ನೋಡಲು ಯಾರಿಗೂ ಹೊಳೆಯಲಿಲ್ಲ.

ಹೊಸ ಪಂಚಾಂಗ ಮಾರ್ಚಿನಲ್ಲಿ ಬಂತು. ಊರಿನಿಂದ ಬಂದ ಅತ್ತೆ ಹಪ್ಪಳದ ಕಟ್ಟಿನ ಜೊತೆ ಅದನ್ನೂ ತಂದರು. ಅಮ್ಮ ಕನ್ನಡಕ ಹಾಕಿ ಮೊದಲ ಪುಟ ತೆರೆದು, ಬೆರಳಿಟ್ಟು ಓದಿ, ಇನ್ನೊಮ್ಮೆ ಓದಿದಳು.

"ಸಂಕ್ರಮಣ ಹದಿನಾಲ್ಕಕ್ಕೆ ಉಂಟು. ಆದ್ರೆ ಸೂರ್ಯ ಹುಟ್ಟಿದ ಮೇಲೆ. ಹಾಗಾಗಿ ಬಿಸು ಮರುದಿನ, ಹದಿನೈದಕ್ಕೆ."

"ಇಲ್ಲಮ್ಮ, ಬಿಸು ಯಾವಾಗಲೂ ಹದಿನಾಲ್ಕೇ. ಹೋದ ವರ್ಷ ಹದಿನಾಲ್ಕು, ಅದರ ಹಿಂದಿನ ವರ್ಷವೂ ಹದಿನಾಲ್ಕು."

"ಅದರ ಹಿಂದೆ ಹದಿನೈದು. ಕೆಲವು ವರ್ಷ ಹಾಗೆ, ಕೆಲವು ವರ್ಷ ಹೀಗೆ. ನಿಂಗೆ ಡಬ್ಬಿ ಕೊಟ್ಟದ್ದು ನೆನಪುಂಟು, ತಾರೀಕು ನೆನಪಿಲ್ಲ."

ಆಫೀಸಿನಲ್ಲಿ ಮುನ್ನೂರು ಜನರ ರಜೆಯನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವಳು ಸ್ವಂತ ಅಪ್ಪನ ರಜೆಯನ್ನು ಹಾಳು ಮಾಡಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನಂಥವಳನ್ನು ನೋಡಿಯೇ ಹೇಳಿರಬೇಕು.

ಅಪ್ಪ ಎಂದಿನ ಹಾಗೆ ರಾಜಿಗೆ ಬಂದರು. "ಹೋಗ್ಲಿ ಬಿಡು. ಹದಿನಾಲ್ಕಕ್ಕೇ ಮಾಡುವ. ದೇವರಿಗೆ ಎಂತ ಗೊತ್ತಾಗ್ತದೆ?"

"ನಿಮ್ಮ ಕಂಪೆನಿಯ ಲಿಸ್ಟ್ ನೋಡಿ ಸೂರ್ಯ ತಿರುಗುದಿಲ್ಲ," ಎಂದಳು ಅಮ್ಮ. ಆಮೇಲೆ ಪಂಚಾಂಗ ಮುಚ್ಚಿ ಒಳಗೆ ಹೋದಳು. ಕಪಾಟಿನ ಮೇಲಿನಿಂದ ಏನೋ ತೆಗೆದ ಸದ್ದಾಯಿತು. ಹೋಗಿ ನೋಡಿದರೆ, ಹೋಟೆಲು ಮುಚ್ಚಿದ ಮೇಲೆ ಮೇಲಿಟ್ಟಿದ್ದ ನಾಲ್ಕು ಅಂತಸ್ತಿನ ಡಬ್ಬಿಯನ್ನು ಸಿಂಕಿನಲ್ಲಿ ತೊಳೆಯುತ್ತಿದ್ದಳು. ಆ ಡಬ್ಬಿ ನೋಡಿ ನನಗೆ ಅಳು ಬಂತು, ಅದರ ಹಿಂದೆಯೇ ಹಟವೂ ಬಂತು.

ಮರುದಿನದಿಂದ ನಾನು ಅಪ್ಪನ ಪರವಾಗಿ ಒಂದೊಂದೇ ಬಾಗಿಲು ತಟ್ಟಿದೆ. ಆರಿಸಿದ ರಜೆ ಬದಲಾಯಿಸಲು ಆಗುತ್ತದಾ ಎಂದು ಅಪ್ಪ ವಿಚಾರಿಸಿದರು. ಫಾರ್ಮ್ ಲಾಕ್ ಆಗಿದೆ ಎಂದರಂತೆ. ಗಳಿಕೆ ರಜೆಗೆ ಇನ್ನೂರ ನಲವತ್ತು ದಿನ ತುಂಬಿಲ್ಲ. ಸಾಂದರ್ಭಿಕ ರಜೆ ಎರಡು ದಿನ ಇತ್ತು, ನನ್ನ ಆಸೆಯೆಲ್ಲ ಅದರ ಮೇಲೆಯೇ. ಪುಸ್ತಕ ತೆರೆದು ನೋಡಿದರೆ, ಆ ರಜೆಯನ್ನು ಹಬ್ಬದ ರಜೆಗೆ ಅಂಟಿಸಿ ಹಾಕುವಂತಿಲ್ಲ ಎಂದು ದಪ್ಪ ಅಕ್ಷರದಲ್ಲಿತ್ತು. ಹದಿನಾಲ್ಕು ಹಬ್ಬದ ರಜೆ, ಹದಿನೈದು ಅದಕ್ಕೆ ಅಂಟಿಕೊಂಡೇ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗಿಕೊಂಡೆ. ನಮ್ಮ ಆಫೀಸಿನ ಪೂಜಾರಿ ನಾನೇ ಎಂಬುದು ಆಗ ನೆನಪಾಗಲಿಲ್ಲ.

ನೆನಪಿಸಿದವಳು ನನ್ನ ಪಕ್ಕದ ಕುರ್ಚಿಯ ಮೈಸೂರಿನ ಸಹೋದ್ಯೋಗಿ. ಆ ತಿಂಗಳೇ ಅವಳು ಪಾಡ್ವಾದ ರಜೆಗೆ ಇನ್ನೊಂದು ದಿನ ಸೇರಿಸಿ ಮೈಸೂರಿಗೆ ಹೋಗಬೇಕು ಎಂದಿದ್ದಳು. ನಾನು ಇದೇ ನಿಯಮ ತೋರಿಸಿ ಅರ್ಜಿಯನ್ನು ವಾಪಸ್ ಕಳಿಸಿದ್ದೆ.

"ಮಾಡಿದ್ದುಣ್ಣೋ ಮಹರಾಯ," ಎಂದು ಅವಳು ಟೀ ಕುಡಿಯುತ್ತ ನಕ್ಕಳು. "ನಂಗೆ ಹಬ್ಬದ ಹೋಳಿಗೆ ತಪ್ಪಿಸಿದ್ರಲ್ಲ, ಇವಾಗ ಗೊತ್ತಾಯ್ತಾ?"

"ಗೊತ್ತಾಯ್ತು ಮಾರಾಯ್ತಿ."

"ಹಾಗಾದ್ರೆ ನಿಯಮದ ಪುಸ್ತಕ ಪೂರ್ತಿ ಓದಿ. ನೀವು ಯಾವಾಗ್ಲೂ ಬೇಡ ಅನ್ನೋ ಪುಟಗಳನ್ನ ಮಾತ್ರ ಓದ್ತೀರಾ."

ಮಾತು ಚುಚ್ಚಿತು, ಆದರೆ ನಿಜ. ಅದಕ್ಕೂ ಮೊದಲು ನಾನು ಇನ್ನೂ ಒಂದು ಕೆಟ್ಟ ಸಲಹೆ ಕೊಟ್ಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಹದಿನೈದರ ಬೆಳಗ್ಗೆ ಜ್ವರ ಎಂದು ಫೋನ್ ಮಾಡಿ ಎಂದು ಅಪ್ಪನಿಗೆ ಹೇಳಿದ್ದೆ. ಅಪ್ಪ ಪ್ಲಾಟ್‌ಫಾರ್ಮಿನಲ್ಲೇ ನಿಂತು ನನ್ನನ್ನು ನೋಡಿದರು.

"ಹೋಟೆಲಲ್ಲಿ ಹುಡುಗರು ಹಾಗೆ ಹೇಳ್ತಿದ್ರು. ನಂಗೆ ಸುಳ್ಳು ಅಂತ ಗೊತ್ತಿತ್ತು. ಆದ್ರೂ ಬಿಡ್ತಿದ್ದೆ, ಯಾಕಂದ್ರೆ ಅವ್ರಿಗೆ ಕೇಳ್ಲಿಕ್ಕೆ ಬೇರೆ ರಜೆ ಇರ್ಲಿಲ್ಲ. ನಂಗೆ ಉಂಟಲ್ಲ? ಸುಳ್ಳು ಹೇಳಿ ದೇವರ ಮುಂದೆ ಕೂರುದು ಹೇಗೆ?"

ಹಪ್ಪಳದ ಸುಳ್ಳು ನನ್ನ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ.

ಸಹೋದ್ಯೋಗಿ ಚುಚ್ಚಿದ ಮರುದಿನ ಠಾಣೆಯಲ್ಲಿ ಅಪ್ಪನ ಚೀಲದಿಂದ ಆ ಪುಸ್ತಕವನ್ನು ಕಿತ್ತುಕೊಂಡು ಹೆಂಗಸರ ಡಬ್ಬ ಹತ್ತಿದೆ. ಕಿಟಕಿಗೆ ಒರಗಿ ಮೊದಲ ಪುಟದಿಂದ ಓದತೊಡಗಿದೆ. ಹೆರಿಗೆ ರಜೆ ಓದಿದೆ, ಅಪಘಾತದ ರಜೆ ಓದಿದೆ, ಮತದಾನದ ದಿನದ ರಜೆಯನ್ನೂ ಬಿಡಲಿಲ್ಲ. ಕೊನೆಯ ಹಿಂದಿನ ಪುಟದಲ್ಲಿ ಸಾಂಬಾರಿನ ಕಲೆಯ ಕೆಳಗೆ ಎರಡು ಸಾಲು ಇತ್ತು. ಹಬ್ಬದ ರಜೆಯ ದಿನ ಕೆಲಸಕ್ಕೆ ಬಂದವರಿಗೆ ತಿಂಗಳೊಳಗೆ ಒಂದು ದಿನ ಬದಲಿ ರಜೆ. ಅದನ್ನು ಯಾವ ದಿನದ ಪಕ್ಕದಲ್ಲಾದರೂ ತೆಗೆದುಕೊಳ್ಳಬಹುದು.

ಯಾವ ದಿನದ ಪಕ್ಕದಲ್ಲಾದರೂ! ನಾನು ಆ ಸಾಲನ್ನು ಮೂರು ಸಲ ಓದಿದೆ. ಆಫೀಸಿನಲ್ಲಿ ನಾನು ದಿನಾ ಬದಲಿ ರಜೆ ಪಾಸು ಮಾಡುತ್ತೇನೆ, ಆದರೆ ಇಂಜಿನಿಯರುಗಳಿಗೆ. ಅಪ್ಪನಿಗೂ ಅದು ಇರಬಹುದೆಂದು ಹೊಳೆದೇ ಇರಲಿಲ್ಲ, ಯಾಕೆಂದರೆ ಹಬ್ಬದ ದಿನ ಅಪ್ಪ ಕೆಲಸ ಮಾಡುವುದಕ್ಕೆ ಯಾರಾದರೂ ಏನಾದರೂ ಕೊಡುತ್ತಾರೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ತಲೆ ಎತ್ತಿದಾಗ ಐರೋಲಿ ಹೋಗಿತ್ತು, ರಬಾಳೆಯೂ ಹೋಗಿತ್ತು. ಘಣಸೋಲಿಯಲ್ಲಿ ಇಳಿದು, ಗಂಡಸರ ಡಬ್ಬದ ಕಡೆ ಓಡಿ, ಇಳಿಯುತ್ತಿದ್ದ ಅಪ್ಪನ ಕೈ ಹಿಡಿದೆ.

"ಹದಿನಾಲ್ಕಕ್ಕೆ ಕೆಲಸ ಉಂಟಾ ನಿಮ್ಮಲ್ಲಿ?"

"ಬಂದ್ ಅಲ್ವಾ. ಮಷಿನ್ ಸರ್ವಿಸಿಗೆ ಹದಿನೆಂಟು ಜನ ಬರ್ತಾರೆ ಅಷ್ಟೇ. ಅವ್ರಿಗೆ ಹೊರಗಿಂದ ಪ್ಯಾಕೆಟ್ ತರಿಸ್ತಾರೆ."

"ಪ್ಯಾಕೆಟ್ ಬೇಡ, ನಾನೇ ಬಂದು ಅಡುಗೆ ಮಾಡ್ತೇನೆ ಅಂತ ಹೇಳಿ. ಬದಲಿಗೆ ಹದಿನೈದು ಕೇಳಿ."

ಅಪ್ಪ ಪುಸ್ತಕದ ಸಾಲನ್ನು ಓದಿದರು. ಅವರ ಮುಖ ಅರಳಿ ಕೂಡಲೇ ಬಾಡಿತು. "ಕೇಳುದಾ? ನಾನಾ?" ಎಂದರು. ಅಲ್ಲೇ ಇದ್ದದ್ದು ತೊಡಕು. ಇಪ್ಪತ್ತೊಂಬತ್ತು ವರ್ಷ ಅಪ್ಪನ ಮುಂದೆ ಜನ ಕೈಕಟ್ಟಿ ನಿಂತು ಊರಿಗೆ ಹೋಗಿ ಬರುತ್ತೇನೆ ಎಂದು ಕೇಳಿದ್ದಾರೆ. ಬದಲಿ ಜನ ಸಿಗಲಿ ನೋಡುವ ಎಂದು ಅಪ್ಪ ಹೇಳಿದ್ದಾರೆ. ಆ ಕಡೆ ನಿಂತು ಅವರಿಗೆ ಒಂದು ಸಲವೂ ಅಭ್ಯಾಸ ಇಲ್ಲ. ತಮಗಾಗಿ ರಜೆ ಕೇಳುವುದೆಂದರೆ ಅವರಿಗೆ ಯಾರದ್ದೋ ಎಲೆಯಿಂದ ಅನ್ನ ತೆಗೆದಷ್ಟು ನಾಚಿಕೆ.

ಮೂರು ದಿನ ಪ್ಲಾಟ್‌ಫಾರ್ಮಿನಲ್ಲಿ ತಾಲೀಮು ನಡೆಯಿತು. ಅವರ ಮೇಲಧಿಕಾರಿ ಕಲ್ಯಾಣದ ಮರಾಠಿ ಮನುಷ್ಯ, ನನ್ನ ಪ್ರಾಯದವನೇ. ನಾನು ಆ ಅಧಿಕಾರಿಯಾಗಿ ಮುಖ ಬಿಗಿದುಕೊಳ್ಳುತ್ತಿದ್ದೆ. ಅಪ್ಪ ಹೋಟೆಲಿನ ಮರಾಠಿಯಲ್ಲಿ "ಸಾಹೇಬ್, ಚೌದಾಲಾ ಮೀ ಯೇತೋ, ಪಂಧರಾಲಾ ಸುಟ್ಟಿ ದ್ಯಾ" ಎನ್ನುತ್ತಿದ್ದರು. ಹದಿನಾಲ್ಕಕ್ಕೆ ನಾನು ಬರುತ್ತೇನೆ, ಹದಿನೈದಕ್ಕೆ ರಜೆ ಕೊಡಿ ಎಂದು. ಪಕ್ಕದಲ್ಲಿ ಗಾಡಿಗೆ ಕಾಯುತ್ತಿದ್ದ ಒಬ್ಬ ಅಜ್ಜ ಮೂರನೇ ದಿನ ತಾವಾಗಿಯೇ "ದಿಲೀ ಸುಟ್ಟಿ" ಎಂದು ಮಂಜೂರು ಮಾಡಿಬಿಟ್ಟರು. ಅಪ್ಪ ಅದನ್ನೇ ಶುಭ ಶಕುನ ಎಂದುಕೊಂಡು ಅವತ್ತೇ ಕೇಳಿದರು.

ಸಂಜೆ ನನಗಿಂತ ಮೊದಲೇ ಬಂದು ಠಾಣೆಯ ಸೇತುವೆಯ ಕೆಳಗೆ ಕಾಯುತ್ತಿದ್ದರು. ನನ್ನನ್ನು ಕಂಡದ್ದೇ ಕೈ ಮೇಲೆತ್ತಿದರು.

"ಪಂಧರಾಲಾ ಕಾಯ್ ಆಹೇ ಕಾಕಾ ಅಂತ ಕೇಳಿದ. ಆಮಚಾ ಪಾಡವಾ ಅಂದೆ. ಪಾಡವಾ ತರ್ ಝಾಲಾ ಅಂದ. ತೋ ಚಂದ್ರಾಚಾ, ಹಾ ಸೂರ್ಯಾಚಾ ಅಂದೆ."

ಹದಿನೈದಕ್ಕೆ ಏನಿದೆ ಎಂದದ್ದಕ್ಕೆ ನಮ್ಮ ಪಾಡ್ವಾ ಎಂದು, ಪಾಡ್ವಾ ಮುಗಿಯಿತಲ್ಲ ಎಂದರೆ, ಅದು ಚಂದ್ರನದ್ದು, ಇದು ಸೂರ್ಯನದ್ದು ಎಂದು ನಮ್ಮ ಅಪ್ಪ ಉತ್ತರ ಕೊಟ್ಟಿದ್ದಾರೆ. ನಾವು ಆ ಸಾಲನ್ನು ತಾಲೀಮು ಮಾಡಿರಲೇ ಇಲ್ಲ. ನಾನು ಹೆಮ್ಮೆಯಿಂದ ಉಬ್ಬಿಹೋದೆ.

"ಮತ್ತೆ?"

"ನಕ್ಕ. ಸಹಿ ಹಾಕಿದ. ಹದಿನೆಂಟು ಜನಕ್ಕೆ ಇಡ್ಲಿ ಬೇಕಂತೆ."

ಅಮ್ಮನಿಗೆ ಹೇಳಿದಾಗ ಅವಳು ಒಂದು ಮಾತು ಮಾತ್ರ ಕೇಳಿದಳು, ಸಹಿ ಹಾಕಿದ ಕಾಗದ ಎಲ್ಲಿದೆ ಎಂದು. ಅಪ್ಪ ಕಾಗದ ಕೊಟ್ಟರು. ಅಮ್ಮ ಅದನ್ನು ಹೊಸ ಪಂಚಾಂಗದ ಮೊದಲ ಪುಟದಲ್ಲಿ ಮಡಚಿಟ್ಟಳು.

ಆಮೇಲಿನ ಎರಡು ವಾರ ನಮ್ಮ ಮನೆಯಲ್ಲಿ ಮದುವೆಯ ಗಡಿಬಿಡಿ. ಬಿಸುವಿನ ಹಿಂದಿನ ಸಂಜೆ ದೇವರ ಮುಂದೆ ಕಣಿ ಇಡಬೇಕು. ಅಕ್ಕಿ, ತೆಂಗಿನಕಾಯಿ, ಹಣ್ಣು ತರಕಾರಿ, ಬಂಗಾರ, ಕನ್ನಡಿ, ಎಲ್ಲವನ್ನೂ ಜೋಡಿಸಿಟ್ಟು ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಮೊದಲು ಅದನ್ನೇ ನೋಡಬೇಕು. ಕಣಿಗೆ ಬೇಕಾದ ಹಳದಿ ಬಣ್ಣದ ಸೌತೆ ಡೊಂಬಿವಲಿಯ ಊರಿನ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಎಳೆ ಹಲಸಿಗೆ ಕಲ್ಯಾಣದ ಮಾರ್ಕೆಟ್ಟಿಗೆ ಹೋದೆ. ಬಿಸುವಿನ ಊಟಕ್ಕೆ ಹಸಿ ಗೋಡಂಬಿ ಹಾಕಿದ ತೊಂಡೆಕಾಯಿ ಪಲ್ಯ ಬೇಕೇ ಬೇಕು. ಹಸಿ ಗೋಡಂಬಿ ಎಲ್ಲೂ ಸಿಗದೆ, ಕೊನೆಗೆ ಉಲ್ಹಾಸನಗರದ ಒಬ್ಬ ವ್ಯಾಪಾರಿ ಕೊಂಕಣದಿಂದ ತರಿಸಿಕೊಟ್ಟ. ಇಷ್ಟಕ್ಕೆಲ್ಲ ನಾನು ನನ್ನ ಸ್ವಂತ ರಜೆ ಅರ್ಧ ದಿನ ಖರ್ಚು ಮಾಡಿದೆ. ಹದಿನೈದಕ್ಕೆ ಒಂದು ಗಳಿಕೆ ರಜೆಯನ್ನೂ ಹಾಕಿದೆ. ಮೈಸೂರಿನ ಸಹೋದ್ಯೋಗಿಗೆ ಮುಂದಿನ ವಾರ ಊರಿಗೆ ಹೋಗಲು ರಜೆ ಕೊಡಿಸಿದೆ, ಅವಳು ಕೇಳುವ ಮೊದಲೇ.

ಹದಿನಾಲ್ಕರ ಬೆಳಗ್ಗೆ ಊರಿಗೆಲ್ಲ ರಜೆ. ಜಯಂತಿಯ ನೀಲಿ ಬಾವುಟಗಳ ನಡುವೆ ಅಪ್ಪ ಒಬ್ಬರೇ ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ನಡೆದರು. ಹಿಂದೆ ನೂರಾರು ಸಲ ಹೀಗೇ ಹೋಗಿದ್ದಾರೆ. ಈ ಸಲ ಮಾತ್ರ ರಸ್ತೆಯ ತಿರುವಿನಲ್ಲಿ ನಿಂತು ಬಾಲ್ಕನಿಯಲ್ಲಿದ್ದ ನಮಗೆ ಕೈ ಬೀಸಿದರು. ಮೂರು ಗಂಟೆಗೆ ವಾಪಸ್ ಬಂದು, ಎಲ್ಲರೂ ಇಡ್ಲಿಯನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು ಎಂದು ಹೇಳಿ, ಸಂಜೆ ಅಮ್ಮನ ಜೊತೆ ಕಣಿ ಜೋಡಿಸಲು ಕೂತರು. ಕನ್ನಡಿಯನ್ನು ಎಲ್ಲಿಡುವುದು ಎಂದು ಅವರಿಗೆ ಗೊತ್ತಿರಲಿಲ್ಲ. ಅಮ್ಮ ತೋರಿಸಿಕೊಟ್ಟಳು.

ಬಿಸುವಿನ ಬೆಳಗ್ಗೆ ಅಮ್ಮ ನಮ್ಮನ್ನು ಎಬ್ಬಿಸಿ, ಕಣ್ಣು ಬಿಡಬೇಡಿ ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಅಪ್ಪ ಫ್ರಿಜ್ಜಿಗೆ ಹಣೆ ಹೊಡೆಸಿಕೊಂಡರು, ಆದರೂ ಕಣ್ಣು ಬಿಡಲಿಲ್ಲ. ದೇವರ ಮುಂದೆ ಕೂರಿಸಿ, ಈಗ ನೋಡಿ ಎಂದಳು. ದೀಪ, ಹಳದಿ ಸೌತೆ, ಮಾವು, ಅಮ್ಮನ ಎರಡು ಬಳೆ, ಕನ್ನಡಿಯಲ್ಲಿ ನಮ್ಮ ಮೂವರ ನಿದ್ದೆಗಣ್ಣಿನ ಮುಖ. ಅಪ್ಪ ಕನ್ನಡಿಯಲ್ಲೇ ಅಮ್ಮನನ್ನು ನೋಡಿ ನಕ್ಕರು. ನನಗೆ ಆಗ ಆದ ಸಂತೋಷ ಇಷ್ಟು ಅಷ್ಟು ಅಲ್ಲ.

ಅಡುಗೆ ನಡೆದಷ್ಟು ಹೊತ್ತೂ ಅಪ್ಪ ಒಳಗೂ ಹೊರಗೂ ತಿರುಗಿದರು. ಹುಳಿಗೆ ಉಪ್ಪು ನೋಡಿದರು, ಬೈಸಿಕೊಂಡರು. ಬಾಳೆ ಎಲೆ ಒರೆಸಿದರು. ಹತ್ತೂವರೆಗೆ ನೈವೇದ್ಯ ಆಯಿತು. ಅಮ್ಮ ಎಣ್ಣೆ ಇಟ್ಟು ಹಪ್ಪಳ ಕರಿದಳು. ನಾನು ಹೊರಗಿನ ಕೋಣೆಯಲ್ಲಿ ಅಪ್ಪ ಅಮ್ಮನಿಗೆ ಎರಡು ಎಲೆ ಹಾಕಿ, ನೀರಿಟ್ಟು, ಅಮ್ಮನನ್ನು ಕರೆಯಲು ಹೋದೆ.

ಅಮ್ಮ ಅಡುಗೆಮನೆಯ ನಡುವೆ ನಿಂತಿದ್ದಳು. ಅವಳ ಮುಂದೆ ನಾಲ್ಕು ಅಂತಸ್ತಿನ ಡಬ್ಬಿ, ಪೂರ್ತಿ ತುಂಬಿ, ಮುಚ್ಚಿ, ಚಿಲಕ ಹಾಕಿದ್ದು. ಗಡಿಯಾರದಲ್ಲಿ ಹನ್ನೊಂದು ದಾಟಿ ಹತ್ತು ನಿಮಿಷ.

"ಕೈ ತನ್ನಷ್ಟಕ್ಕೆ ಹೋಯ್ತು," ಎಂದಳು.

ನಾನು ನಗತೊಡಗಿದೆ. ಅಮ್ಮನೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಅಪ್ಪ ಬಂದು ನೋಡಿ, ಡಬ್ಬಿಯ ಹಿಡಿಯನ್ನು ಹಿಡಿದು, "ಆಗ್ಲಿ, ತುಂಬಿದ್ದನ್ನು ಖಾಲಿ ಮಾಡುದು ಬೇಡ, ಇದನ್ನೇ ಬಡಿಸುವ," ಎಂದು ಎಲೆಯ ಬಳಿಗೆ ತಂದರು. ಅಮ್ಮನನ್ನು ಕೂರಿಸಿ, ತಾವೇ ಚಿಲಕ ತೆಗೆದರು. ಹೋಟೆಲಿನವರ ಕೈ, ನಿಮಿಷದಲ್ಲಿ ಎರಡೂ ಎಲೆಗೆ ಬಡಿಸಿದರು. ಮುಚ್ಚಳದ ಕೆಳಗಿಂದ ಹಪ್ಪಳ ತೆಗೆದು ಮೊದಲು ಅಮ್ಮನ ಎಲೆಗೆ ಹಾಕಿದರು. ನಾನು ತಡೆಯಲು ಕೈ ಚಾಚಿದೆ, ಆದರೆ ತಡವಾಗಿತ್ತು.

ಅಮ್ಮ ಹಪ್ಪಳ ಮುರಿಯಲು ಹೋದಳು. ಅದು ಮಡಚಿಕೊಂಡಿತು. ಡಬ್ಬಿಯಲ್ಲಿ ಇದ್ದದ್ದು ಬರೀ ಕಾಲು ಗಂಟೆ. ಅವಳು ಅದನ್ನು ಬಿಡಿಸಿ, ಮತ್ತೆ ಮಡಚಿ, ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು.

"ಇಷ್ಟು ವರ್ಷ ಗರಿಗರಿ ಇತ್ತು ಅಂದ್ರಲ್ಲ?"

ನಾನು ನೆಲ ನೋಡಿದೆ.

"ಇಲ್ಲ ಅಂದಿದ್ರೆ ನೀನು ಹಾಕುದು ನಿಲ್ಲಿಸ್ತಿದ್ದೆ," ಎಂದರು ಅಪ್ಪ.

ಅಮ್ಮ ಎದ್ದು ಒಳಗೆ ಹೋದಳು. ಒಲೆ ಹೊತ್ತಿಸಿದ ಸದ್ದಾಯಿತು, ಎಣ್ಣೆ ಚುರುಗುಟ್ಟಿತು. ಒಂದು ಹಪ್ಪಳವನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಬಂದು ಅಪ್ಪನ ಎಲೆಗೆ ಹಾಕಿದಳು. ಅಪ್ಪ ಅದನ್ನು ಮುರಿದರು. ಫ್ಯಾನಿನ ಸದ್ದಿಗಿಂತ ಜೋರಾಗಿ ಕೇಳಿಸಿತು.

"ಈಗ ಹೇಳಿ," ಎಂದಳು ಅಮ್ಮ.

"ಗರಿಗರಿ ಉಂಟು," ಎಂದರು ಅಪ್ಪ.

ಅಮ್ಮ ಅವರ ಪಕ್ಕದಲ್ಲಿ ಕೂತಳು. ನಿನಗೂ ಬಿಸಿದು ತರುತ್ತೇನೆ ಎಂದು ನಾನು ಏಳಹೋದರೆ ಕೈಯಲ್ಲೇ ಬೇಡ ಎಂದಳು. ತನ್ನ ಎಲೆಯಲ್ಲಿದ್ದ ಡಬ್ಬಿಯ ಹಪ್ಪಳವನ್ನು ಅನ್ನದ ಜೊತೆ ಮಡಚಿ ಮಡಚಿ, ಒಂದು ತುಂಡೂ ಬಿಡದೆ ತಿಂದಳು.